ಶುಗರ್ ಇಲ್ಲದವ್ರಿಗೂ ಹಾರ್ಟ್ ಅಟ್ಯಾಕ್ ದಿನ ಶುಗರ್ ಏರಿದ್ರೆ ಏನರ್ಥ?

ಪ್ರಶ್ನೆ: ಡಾಕ್ಟ್ರೇ, ನಮ್ಮಪ್ಪಂಗೆ 56 ವರ್ಷ, ಹೋದ ತಿಂಗ್ಳು ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ರು. ಯಾವತ್ತೂ ಶುಗರ್ ಇರ್ಲಿಲ್ಲ, ಅಡ್ಮಿಟ್ ಆದಾಗ ಮಾತ್ರ 212. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರ್ಸೋ ಟೆಸ್ಟ್) 6.2, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಕೊಬ್ಬು) 240, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) 32, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 98. ಟೆನ್ಷನ್‌ಗೆ ಏರಿರತ್ತೆ, ಕೊಲೆಸ್ಟ್ರಾಲ್ ನಾರ್ಮಲ್ಲೇ ಇದ್ಯಲ್ಲ ಅಂತಾರೆ ಮನೇಲಿ. ಮುಂದೆ ತೊಂದ್ರೆ ಇದ್ಯಾ?

ಉತ್ತರ: ಮನೆಯವ್ರು ಹೇಳೋದು ಅರ್ಧ ಸರಿ. ಅಟ್ಯಾಕ್ ಟೈಮಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ಟೆನ್ಷನ್ ಹಾರ್ಮೋನ್‌ಗಳು ಜಾಸ್ತಿಯಾಗಿ ಲಿವರ್ ಗ್ಲೂಕೋಸನ್ನ ರಕ್ತಕ್ಕೆ ಬಿಡತ್ತೆ, ಶುಗರ್ ಇಲ್ದೋರಿಗೂ ಏರತ್ತೆ. ಆದ್ರೆ ಹಾಗೆ ತುಂಬಾ ಏರಿದವ್ರಲ್ಲಿ ಹಾರ್ಟ್ ಫೇಲ್ಯೂರ್, ಸಾವಿನ ರಿಸ್ಕ್ ಹೆಚ್ಚು ಅಂತ ಹಲವು ಸ್ಟಡಿಗಳಲ್ಲಿ ಕಂಡಿದೆ. ಬರೀ 212 ನೋಡಿ ಏನೂ ಹೇಳಕ್ಕಾಗಲ್ಲ, ಅವ್ರ ಮಾಮೂಲಿ ಲೆವೆಲ್ ಎಷ್ಟು ಅಂತ ನೋಡ್ಬೇಕು. ಎಚ್‌ಬಿಎ1ಸಿ 9 ಇರೋರಿಗೆ ಸರಾಸರಿ ಶುಗರ್ರೇ ಹೆಚ್ಚುಕಮ್ಮಿ 212, ಅವ್ರಿಗೆ ಅದೇನೂ ಏರಿಕೆ ಅಲ್ಲ. ನಿಮ್ಮಪ್ಪಂಗೆ 6.2, ಅಂದ್ರೆ ಸರಾಸರಿ ಸುಮಾರು 131, ಹಾಗಾಗಿ ಅವತ್ತು ಮಾಮೂಲಿಗಿಂತ 1.6 ಪಟ್ಟು ಏರಿತ್ತು, ಇದು ದೇಹಕ್ಕೆ ಬಿದ್ದ ಏಟು ಸಣ್ಣದಲ್ಲ ಅನ್ನೋ ಸೂಚನೆ. ಹೆದ್ರಬೇಡಿ, ಇದು ನೂರಾರು ಜನರನ್ನ ಒಟ್ಟಿಗೆ ನೋಡಿದಾಗ ಸಿಗೋ ಲೆಕ್ಕ, ನಿಮ್ಮಪ್ಪನ ಜಾತಕ ಅಲ್ಲ! ಹಾರ್ಟಿನ ಪಂಪಿಂಗ್ ಎಷ್ಟಿದೆ ಅಂತ ಎಕೋ ರಿಪೋರ್ಟಲ್ಲಿ ಇಎಫ್ ಅಂತ ಬರೆದಿರ್ತಾರೆ, ಅದರ ತೂಕ ಇದಕ್ಕಿಂತ ಜಾಸ್ತಿ.

ನಂಗೆ ಇನ್ನೂ ಯೋಚನೆ ಆಗೋದು ಉಳಿದ ನಂಬರ್‌ಗಳದ್ದು. ಎಚ್‌ಬಿಎ1ಸಿ 5.7ರಿಂದ 6.4 ಅಂದ್ರೆ ಪ್ರಿಡಯಾಬಿಟಿಸ್, ಅಂದ್ರೆ ಶುಗರ್ ಕಾಯಿಲೆಯ ಹಿಂದಿನ ಹಂತ. ಟ್ರೈಗ್ಲಿಸರೈಡ್ ಅಷ್ಟು ಮೇಲೆ, ಎಚ್‌ಡಿಎಲ್ ಅಷ್ಟು ಕೆಳಗೆ ಇದ್ರೆ ಇನ್ಸುಲಿನ್ ಸರಿಯಾಗಿ ಕೆಲ್ಸ ಮಾಡ್ತಿಲ್ಲ ಅನ್ನೋ ಅನುಮಾನ ಬರತ್ತೆ. ಟೇಪ್ ತಗೊಂಡು ಹೊಟ್ಟೆ ಸುತ್ತಳತೆ ನೋಡಿ, ನಮ್ಮ ಗಂಡಸ್ರಿಗೆ 90 ಸೆಂಟಿಮೀಟರ್ ದಾಟಬಾರ್ದು. ಇನ್ನು ಎಲ್‌ಡಿಎಲ್ 98 ನಾರ್ಮಲ್ ಅನ್ನೋದು ಅಟ್ಯಾಕ್ ಆಗದವ್ರ ಮಾತು, ಆದವ್ರಿಗೆ 55ರ ಕೆಳಗೆ ಇರ್ಬೇಕು ಅನ್ನತ್ತೆ ಯುರೋಪಿನ 2019ರ ಗೈಡ್‌ಲೈನ್. ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆಯಿಂದ ಶುಗರ್ ಸ್ವಲ್ಪ ಏರಬಹುದು ಅಂತ ಯಾರೋ ಹೇಳಿದ್ರೆ ಅದು ನಿಜಾನೇ, ಆದ್ರೂ ಮಾತ್ರೆ ನಿಲ್ಲಿಸ್ಬೇಡಿ, ಲಾಭ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಡ್ರಿಂಕ್ಸ್ ಇದ್ರೆ ಬಿಡಿಸಿ, ಟ್ರೈಗ್ಲಿಸರೈಡ್ ಏರಿಸೋದ್ರಲ್ಲಿ ಅದು ಮುಂದು. ಅನ್ನ ಕಮ್ಮಿ ಮಾಡಿ, ಹಾಗಂತ ಮುದ್ದೆ ಎಷ್ಟು ತಿಂದ್ರೂ ಆಗತ್ತೆ ಅನ್ಕೋಬೇಡಿ. ಮುಂದಿನ ಚೆಕಪ್‌ಗೆ ಖಾಲಿ ಹೊಟ್ಟೇಲಿ ಶುಗರ್, ಲಿಪಿಡ್ (ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್) ಟೆಸ್ಟ್ ಮಾಡಿಸ್ಕೊಂಡು ಹೋಗಿ, ಅಡ್ಮಿಟ್ ಆದ ದಿನದ ರಿಪೋರ್ಟೂ ಜೊತೆಗಿರ್ಲಿ, ಡಿಸ್ಚಾರ್ಜ್ ಸಮ್ಮರೀಲಿ ಆ 212 ಎಷ್ಟೋ ಸಲ ಇರೋದೇ ಇಲ್ಲ.