ಓದುಗರ ಪ್ರಶ್ನೆ: ಗೋಧಿ ಆಗದವರ ಬಸಿರು, ಬಾಣಂತನ

ಪ್ರಶ್ನೆ: ಅಕ್ಕಾರೇ, ನನಗೆ 27 ವರ್ಷ, ಗದಗ ಹತ್ತಿರದ ಹಳ್ಳಿ. ರಕ್ತ ಕಡಿಮೆ ಅಂತ ವರ್ಷಗಟ್ಟಲೆ ಗುಳಿಗೆ ನುಂಗಿದರೂ ಹಿಮೋಗ್ಲೋಬಿನ್ 8ರ ಮೇಲೆ ಏರಲೇ ಇಲ್ಲ. ಒಂದು ಸಲ ಎರಡು ತಿಂಗಳಿಗೇ ಗರ್ಭ ಹೋಯಿತು. ಕೊನೆಗೆ ಹುಬ್ಬಳ್ಳಿಯಲ್ಲಿ ಎಂಡೋಸ್ಕೋಪಿ ಮಾಡಿ ಸೀಲಿಯಾಕ್ ಕಾಯಿಲೆ ಅಂದರು. ಗೋಧಿ ಬಿಟ್ಟು ಐದು ತಿಂಗಳಾಯಿತು. "ಚಪಾತಿ ತಿಂದು ಯಾರಿಗೆ ಏನಾಗಿದೆ, ಇನ್ನು ತಡ ಮಾಡಬೇಡಿ" ಅಂತ ಅತ್ತೆ ಅನ್ನುತ್ತಾರೆ. ಈಗಲೇ ಮಗುವಿಗೆ ಪ್ರಯತ್ನಿಸಬಹುದಾ? ಸಿಜೇರಿಯನ್ನೇ ಆಗಬೇಕಾ? ಹೆಸರು ಹಾಕಬೇಡಿ.

ಉತ್ತರ: ಮಗು ಆಗುತ್ತದೆ, ಆ ಚಿಂತೆ ಮೊದಲು ಬಿಡಿ. ಆದರೆ ಇನ್ನೂ ಸ್ವಲ್ಪ ತಡೆಯಿರಿ.

ಗೋಧಿ, ಬಾರ್ಲಿ, ರೈ ಅನ್ನುವ ವಿದೇಶಿ ಧಾನ್ಯ ಈ ಮೂರರಲ್ಲೂ ಗ್ಲುಟೆನ್ ಅಂತ ಒಂದು ಪ್ರೋಟೀನ್ ಇರುತ್ತದೆ. ಚಪಾತಿ ಹಿಟ್ಟು ಎಳೆದಷ್ಟೂ ಹಿಗ್ಗುವುದು ಅದರಿಂದಲೇ. ನಿಮ್ಮಂಥವರ ಹೊಟ್ಟೆಗೆ ಅದು ಹೋದರೆ ದೇಹವೇ ತನ್ನ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಗೆ ಟರ್ಕಿ ಟವೆಲ್ಲಿನ ಎಳೆಗಳ ಹಾಗೆ ಇರುವ ಭಾಗ ಸವೆದು ಚಪ್ಪಟೆಯಾಗುತ್ತದೆ, ಆಮೇಲೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12, ಕ್ಯಾಲ್ಸಿಯಂ ಯಾವುದೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಿಮ್ಮ ಗುಳಿಗೆಗಳು ಸುಮ್ನೆ ಹೋಗಿದ್ದು ಹೀಗೆ. ಕಾಯಿಲೆ ಗೊತ್ತಾಗದೆ ಗೋಧಿ ತಿನ್ನುತ್ತಲೇ ಇದ್ದವರಲ್ಲಿ ಗರ್ಭಪಾತ, ಕಡಿಮೆ ತೂಕದ ಮಗು ಜಾಸ್ತಿ. ಆ ಒಂದು ಗರ್ಭ ಹೋಗಿದ್ದು ಇದರಿಂದಲೇ ಅಂತ ಖಚಿತವಾಗಿ ಹೇಳಲಾಗದು, ಆದರೆ ಅದು ನಿಮ್ಮ ತಪ್ಪಂತೂ ಅಲ್ಲ. ಪಥ್ಯ ಸರಿಯಾಗಿ ಹಿಡಿದು ಕರುಳು ಮಾಗಿದವರಿಗೆ ಈ ಅಪಾಯ ಹೆಚ್ಚುಕಡಿಮೆ ಬೇರೆ ಹೆಂಗಸರಷ್ಟೇ.

ಹಾಗಾದರೆ ಎಷ್ಟು ದಿನ ತಡೆಯಬೇಕು? ಕ್ಯಾಲೆಂಡರ್ ನೋಡಬೇಡಿ, ರಿಪೋರ್ಟ್ ನೋಡಿ. ಗ್ಲುಟೆನ್ನಿಗೆ ದೇಹ ಎಷ್ಟು ತಿರುಗಿ ಬಿದ್ದಿದೆ ಅಂತ ತೋರಿಸುವ ಟಿಟಿಜಿ-ಐಜಿಎ ಅನ್ನುವ ರಕ್ತ ಪರೀಕ್ಷೆ ಮತ್ತೆ ಮಾಡಿಸಿ. ಆ ಅಂಕಿ ಚೆನ್ನಾಗಿ ಇಳಿದಿರಬೇಕು. ಕೆಲವರಿಗೆ ಆರು ತಿಂಗಳು ಸಾಕು, ಕೆಲವರಿಗೆ ವರ್ಷ ದಾಟುತ್ತದೆ. ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ವಿಟಮಿನ್ ಡಿ ನೋಡಿಸಿ. ಥೈರಾಯ್ಡ್ ಕೂಡ, ಯಾಕೆಂದರೆ ಸೀಲಿಯಾಕ್ ಇದ್ದವರಿಗೆ ಅದರ ತೊಂದರೆ ಜೊತೆಗೇ ಬರುವುದುಂಟು. ಅಲ್ಲಿಯವರೆಗೆ ಬಸಿರು ತಡೆಯಲು ಏನು ಮಾಡಬೇಕು ಅಂತ ಡಾಕ್ಟರನ್ನು ನಾಚಿಕೊಳ್ಳದೆ ಕೇಳಿ. ಅಕಸ್ಮಾತ್ ಈ ನಡುವೆ ನಿಂತರೆ ಗಾಬರಿ ಬೇಡ, ಪಥ್ಯ ಬಿಗಿ ಮಾಡಿ ಬೇಗ ತೋರಿಸಿ.

ಫೋಲಿಕ್ ಆಸಿಡ್ ಗುಳಿಗೆ ಬಸಿರು ನಿಲ್ಲುವುದಕ್ಕೆ ಮೊದಲೇ ಶುರುವಾಗಬೇಕು. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ. ಕರುಳು ಇನ್ನೂ ಹೀರಿಕೊಳ್ಳದಿದ್ದರೆ 5 ಮಿಲಿಗ್ರಾಂ ಕೊಡುವುದೂ ಇದೆ, ಅದನ್ನು ಡಾಕ್ಟರ್ ಹೇಳಬೇಕು. ಕಬ್ಬಿಣದ ಗುಳಿಗೆ ಈಗಲೂ ಹತ್ತದಿದ್ದರೆ ನರಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಇದೆ.

ಇನ್ನು ಅಡುಗೆಮನೆ. ನಮ್ಮ ಕಡೆಯವರಿಗೆ ಒಂದು ಅದೃಷ್ಟ, ಜೋಳದ ರೊಟ್ಟಿಯಲ್ಲಿ ಗ್ಲುಟೆನ್ ಇಲ್ಲ. ಸಜ್ಜೆ, ನವಣೆ, ಅಕ್ಕಿಯಲ್ಲೂ ಇಲ್ಲ. ಆದರೆ ಗಿರಣಿ ನೋಡಿದ್ದೀರಲ್ವಾ? ನಿಮಗಿಂತ ಮೊದಲು ಬಂದವರು ಗೋಧಿ ಹಾಕಿಸಿಕೊಂಡು ಹೋಗಿರುತ್ತಾರೆ, ಅದೇ ಕಲ್ಲಿಗೆ ನಿಮ್ಮ ಜೋಳ ಬೀಳುತ್ತದೆ, ಡಬ್ಬಿಗೆ ಮೊದಲು ಇಳಿಯುವ ಹಿಟ್ಟಿನಲ್ಲಿ ಅವರ ಗೋಧಿಯೂ ಇರುತ್ತದೆ. "ಗೋಧಿ ಬಿಟ್ಟೆ, ಆದರೂ ರಿಪೋರ್ಟ್ ಇಳಿಯಲಿಲ್ಲ" ಅನ್ನುವವರಿಗೆ ನಾನು ಮೊದಲು ಕೇಳುವುದೇ ಗಿರಣಿ ಬಗ್ಗೆ. ಜೋಳಕ್ಕೇ ಬೇರೆ ಮಷೀನ್ ಇರುವ ಗಿರಣಿ ಹುಡುಕಿ. ಇಲ್ಲದಿದ್ದರೆ ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಳ್ಳಿ, ಅಜ್ಜಿ ಕಾಲದ ಬೀಸುಕಲ್ಲು ಇದ್ದರೆ ಅದೂ ಆಗುತ್ತದೆ, ಆದರೆ ಅದಕ್ಕೆ ಗೋಧಿ ಹಾಕಕೂಡದು. ಜೋಳ ಹಸನು ಮಾಡುವಾಗ ಗೋಧಿ ಕಾಳು ಆರಿಸಿ ತೆಗೆದು, ತೊಳೆದು ಒಣಗಿಸಿ. ಖಾನಾವಳಿಯಲ್ಲಿ ಚಪಾತಿ, ರೊಟ್ಟಿ ಎರಡೂ ಒಂದೇ ಹಂಚಿನ ಮೇಲೆ ಬೇಯುತ್ತಿದ್ದರೆ ಬೇಡ ಅನ್ನಿ.

ಮತ್ತೊಂದು ಕಳ್ಳ ಇಂಗು. ಅಂಗಡಿಯ ಡಬ್ಬಿ ಇಂಗಿಗೆ ಹೆಚ್ಚಾಗಿ ಮೈದಾ, ಅಂದರೆ ಗೋಧಿ ಹಿಟ್ಟೇ, ಬೆರೆಸಿರುತ್ತಾರೆ. ಲೇಬಲ್ ಓದಿ, ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ. ಬಸುರಿಗೆ ಶಕ್ತಿ ಬರಲಿ ಅಂತ ಬಂಧುಗಳು ತರುವ ಮಾಲ್ಟ್ ಪುಡಿ ಡಬ್ಬಿಗಳಲ್ಲಿ ಬಾರ್ಲಿ, ಗೋಧಿ ಇರುತ್ತದೆ, ಅದನ್ನು ಮನೆಯ ಬೇರೆಯವರು ಕುಡಿಯಲಿ. ಪ್ಯಾಕೆಟ್ ಮೇಲೆ "ಗ್ಲುಟೆನ್ ಫ್ರೀ" ಅಂತಿದ್ದರೆ, ನಮ್ಮ ದೇಶದ ನಿಯಮದ ಪ್ರಕಾರ ಕಿಲೋಗೆ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಕೂಡದು. ಬಸಿರಿನಲ್ಲಿ ಸಕ್ಕರೆ ಪರೀಕ್ಷೆಗೆ ಕುಡಿಸುವ ಗ್ಲೂಕೋಸ್ ನೀರಿಗೆ ಭಯ ಬೇಡ, ಹೆಸರು ಹತ್ತಿರ ಇದೆ ಅಷ್ಟೇ.

ಕುಬಸದ ದಿನ ಗೋಧಿ ಹುಗ್ಗಿ, ಹೋಳಿಗೆ ಎದುರಿಗೆ ಬರುತ್ತವೆ. "ಒಂದು ಚಮಚಕ್ಕೆ ಏನಾಗುತ್ತದೆ" ಅನ್ನುವವರು ಅವತ್ತು ಹತ್ತು ಜನ ಇರುತ್ತಾರೆ. ಆಗುತ್ತದೆ. ಮೊದಲೇ ನಿಮ್ಮ ತಾಯಿಗೆ ಹೇಳಿ ನವಣೆ ಹುಗ್ಗಿ ಮಾಡಿಸಿ, ಅದನ್ನೇ ಎಲ್ಲರೆದುರು ಉಣ್ಣಿ. ಅತ್ತೆಯವರನ್ನು ಒಮ್ಮೆ ಡಾಕ್ಟರ ಹತ್ತಿರ ಜೊತೆಗೆ ಕರೆದುಕೊಂಡು ಹೋಗಿ. ಸೊಸೆ ಹತ್ತು ಸಲ ಹೇಳಿದ್ದಕ್ಕಿಂತ ಡಾಕ್ಟರ್ ಒಂದು ಸಲ ಹೇಳಿದ್ದು ನಮ್ಮಲ್ಲಿ ಬೇಗ ನಾಟುತ್ತದೆ, ಏನು ಮಾಡೋದು.

ಸೀಲಿಯಾಕ್ ಇದೆ ಅಂತಷ್ಟಕ್ಕೇ ಸಿಜೇರಿಯನ್ ಬೇಕಿಲ್ಲ. ಆಸ್ಪತ್ರೆಗೆ ಸೇರುವಾಗ ಕೇಸ್ ಪೇಪರ್ ಮೇಲೆ "ಸೀಲಿಯಾಕ್, ಗೋಧಿ ಕೊಡಬಾರದು" ಅಂತ ಬರೆಸಿ. ಹೆರಿಗೆಯಾದ ಮೇಲೆ ಸುಸ್ತಿನಲ್ಲಿ ಯಾರೋ ಚಹಾ ಬಿಸ್ಕತ್ತು, ಬ್ರೆಡ್, ಉಪ್ಪಿಟ್ಟು ಕೈಗಿಡುತ್ತಾರೆ, ಆಗ ಕೇಳುವ ತ್ರಾಣ ನಿಮಗಿರುವುದಿಲ್ಲ. ಗಂಜಿ, ಮೆತ್ತಗಿನ ಅನ್ನ ಮನೆಯಿಂದ ತರುವುದು ಯಾರು ಅನ್ನುವುದು ಎಂಟನೇ ತಿಂಗಳಿಗೇ ಗೊತ್ತಿರಲಿ. ತವರಿನ ಬಾಣಂತನದಲ್ಲಿ ಗೋಧಿ ರವೆಯ ಸಜ್ಜಕ ಬೇಡ. ಅಳವಿ ಪಾಯಸ ನಡೆಯುತ್ತದೆ. ಅಂಟಿನುಂಡೆಯೂ ನಡೆಯುತ್ತದೆ, ಅದಕ್ಕೆ ಗೋಧಿ ಹಿಟ್ಟು ಹುರಿದು ಹಾಕದಿದ್ದರೆ.

ಪ್ರಶ್ನೆ: ನನ್ನ ಹೆಂಡತಿಗೆ ಸೀಲಿಯಾಕ್ ಇದೆ. ಮಗುವಿಗೆ ಐದು ತಿಂಗಳು. ಮಗುವಿಗೂ ಗೋಧಿ ಕೊಡಲೇಬಾರದಾ? (ಹಾವೇರಿಯಿಂದ)

ಉತ್ತರ: ಕೊಡಿ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು ಹತ್ತರಲ್ಲಿ ಒಂದು. ಅಂದರೆ ಬಹಳಷ್ಟು ಮಕ್ಕಳಿಗೆ ಬರುವುದಿಲ್ಲ. ಗೋಧಿ ತಡವಾಗಿ ಕೊಟ್ಟರೆ, ಅಥವಾ ಎದೆಹಾಲಿನ ಜೊತೆಗೇ ಕೊಟ್ಟರೆ ಕಾಯಿಲೆ ತಪ್ಪುತ್ತದೆ ಅಂತ ಮೊದಲು ನಂಬಿಕೆಯಿತ್ತು. 2014ರಲ್ಲಿ ಯುರೋಪಿನ ಎರಡು ದೊಡ್ಡ ಅಧ್ಯಯನಗಳು ಹಾಗೇನೂ ತಪ್ಪುವುದಿಲ್ಲ ಅಂತ ತೋರಿಸಿದವು. ಎದೆಹಾಲು ಬೇರೆ ನೂರು ಕಾರಣಕ್ಕೆ ಬೇಕು, ಅದನ್ನು ಬಿಡಿಸಬೇಡಿ. ಆರು ತಿಂಗಳು ತುಂಬಿ ಮೇಲಿನ ಆಹಾರ ಶುರು ಮಾಡಿದ ಮೇಲೆ, ವರ್ಷ ತುಂಬುವುದರೊಳಗೆ, ಗೋಧಿಯನ್ನೂ ಸ್ವಲ್ಪ ಸ್ವಲ್ಪ ಕೊಡಿ. ಪಾತ್ರೆ, ಚಮಚ ಬೇರೆ ಇಡಿ, ಉಣಿಸುವವರು ನೀವಾದರೆ ಇನ್ನೂ ಒಳ್ಳೆಯದು. ತೂಕ ಏರದಿದ್ದರೆ, ಪದೇ ಪದೇ ಭೇದಿ, ಹೊಟ್ಟೆ ಉಬ್ಬರ ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಪರೀಕ್ಷೆ ಆಗುವ ಮೊದಲು ಗೋಧಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಕಾಯಿಲೆ ಇದ್ದರೂ ರಿಪೋರ್ಟಿನಲ್ಲಿ ಕಾಣದೆ ಹೋಗಬಹುದು. ಹೆಂಡತಿಯ ಅಕ್ಕತಂಗಿಯರಿಗೂ ಇದೇ ಮಾತು ತಿಳಿಸಿ.