ವಿದೇಶಿ ಸರ್ಕಾರದ ಹಣದಲ್ಲಿ ಜಂಟಿ ಸಂಶೋಧನೆ: ಸಹಿ ಹಾಕುವ ಮೊದಲು ಏನು ನೋಡಬೇಕು?

ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯ ಅಂತರ್ಜಲದ ಬಗ್ಗೆ ಜೊತೆಗೂಡಿ ಸಂಶೋಧನೆ ಮಾಡೋಣ ಅಂತ ನಿಮ್ಮ ವಿಭಾಗವನ್ನು ಕರೆದಿದೆ, ಹಣ ಅಲ್ಲಿನ ಸರ್ಕಾರದ್ದು. ಅವರು ಯಾಕೆ ಕೊಡುತ್ತಾರೆ, ನಮಗೇನು ಉಳಿಯುತ್ತದೆ, ಸೇರಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಖಂಡಿತ ಸೇರಿಕೊಳ್ಳಿ. ಆದರೆ ಮೊತ್ತ ನೋಡಿ ಒಪ್ಪಬೇಡಿ. ಯೋಜನೆ ಎಷ್ಟು ವರ್ಷದ್ದು, ಸಂಶೋಧನೆಯ ಪ್ರಶ್ನೆ ಬರೆದವರು ಯಾರು, ಇವೆರಡನ್ನು ನೋಡಿ ಒಪ್ಪಿ. ಬೆಂಗಳೂರಿನಲ್ಲಿ ಇಂಥ ಯೋಜನೆಗಳ ಒಪ್ಪಂದ, ಲೆಕ್ಕಪತ್ರ ನೋಡಿಕೊಳ್ಳುವುದೇ ನನ್ನ ಕೆಲಸ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಹಣದ ಮೂಲ. ಇದು ಸಾಮಾನ್ಯವಾಗಿ ಆ ದೇಶದ ವಿದೇಶಿ ನೆರವಿನ ಬಜೆಟ್ಟಿನಿಂದ ಬರುತ್ತದೆ. ನೆರವು ಪಡೆಯಬಹುದಾದ ದೇಶಗಳ ಪಟ್ಟಿಯೊಂದನ್ನು ಒಇಸಿಡಿ (ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟ) ಮಾಡಿಟ್ಟಿದೆ, ಭಾರತವೂ ಅದರಲ್ಲಿದೆ. ಸಂಶೋಧನೆಯ ಮುಖ್ಯ ಉದ್ದೇಶ ಆ ದೇಶಗಳ ಒಳಿತೇ ಅಂತ ಅರ್ಜಿಯಲ್ಲಿ ತೋರಿಸಬೇಕು. ಇಲ್ಲಿನ ಪಾಲುದಾರರ ಹೆಸರಿಲ್ಲದೆ ಅದನ್ನು ತೋರಿಸುವುದು ಕಷ್ಟ. ಅಂದರೆ ನಿಮಗೆ ಅವರು ಬೇಕಾದಷ್ಟೇ ಅವರಿಗೂ ನೀವು ಬೇಕು. ನಮ್ಮ ಕಡೆಯ ಎಷ್ಟೋ ಪ್ರಾಧ್ಯಾಪಕರು ಇದನ್ನು ಮರೆತು, ಬಂದ ಕಾಗದಕ್ಕೆ ಬಂದ ಹಾಗೇ ಸಹಿ ಹಾಕುತ್ತಾರೆ. ನೋಡಿದಾಗ ಬೇಸರವಾಗುತ್ತದೆ.

ಬ್ರಿಟನ್ 2015ರ ನವೆಂಬರಿನಲ್ಲಿ ಗ್ಲೋಬಲ್ ಚಾಲೆಂಜಸ್ ರಿಸರ್ಚ್ ಫಂಡ್ ಎಂಬ ನಿಧಿಯನ್ನು ಘೋಷಿಸಿತು. ಐದು ವರ್ಷಕ್ಕೆ 150 ಕೋಟಿ ಪೌಂಡ್. ಅದರಿಂದ ಒಳ್ಳೆಯ ಕೆಲಸಗಳಾಗಿವೆ. ಆಕ್ಸ್‌ಫರ್ಡ್ ಮುಂದೆ ನಿಂತು ನಡೆಸಿದ ಪೀಕ್ ಅರ್ಬನ್ ಯೋಜನೆಯಲ್ಲಿ ನಗರಗಳ ಬಗ್ಗೆ ಅಧ್ಯಯನ ಮಾಡುವ ನಮ್ಮ ಬೆಂಗಳೂರಿನ ಐಐಎಚ್‌ಎಸ್ ಸಂಸ್ಥೆ ಕೂಡ ಇತ್ತು. ಬೀಜಿಂಗ್, ಕೇಪ್‌ಟೌನ್, ಮೆಡೆಲಿನ್ ನಗರಗಳ ಸಂಶೋಧಕರ ಜೊತೆ ಸೇರಿ ನಗರಗಳು ಬೆಳೆಯುವ ರೀತಿಯನ್ನು ಅಧ್ಯಯನ ಮಾಡಿತು. ಆದರೆ 2020ರ ನವೆಂಬರಿನಲ್ಲಿ ಬ್ರಿಟನ್ ಸರ್ಕಾರ ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.7ರಿಂದ ಶೇ 0.5ಕ್ಕೆ ಇಳಿಸುವುದಾಗಿ ಹೇಳಿತು. 2021ರ ಮಾರ್ಚಿನಲ್ಲಿ, ಹಣ ಹಂಚುವ ಯುಕೆಆರ್‌ಐ ಸಂಸ್ಥೆ ಒಂದು ಪತ್ರ ಬರೆಯಿತು. ಕೊಟ್ಟ ಮಾತಿಗೂ ಕೈಗೆ ಬರುವ ಹಣಕ್ಕೂ 12 ಕೋಟಿ ಪೌಂಡ್ ಅಂತರ ಇದೆ ಅಂತ. ಅರ್ಧ ದಾರಿಯಲ್ಲಿದ್ದ ಯೋಜನೆಗಳಿಗೇ ಕತ್ತರಿ ಬಿತ್ತು. 2027ರ ಹೊತ್ತಿಗೆ ನೆರವನ್ನು ಶೇ 0.3ಕ್ಕೆ ತರುತ್ತೇವೆ ಅಂತ 2025ರಲ್ಲಿ ಮತ್ತೆ ಘೋಷಣೆಯಾಯಿತು.

ಅಮೆರಿಕದಲ್ಲಿ ಇನ್ನೂ ಜೋರು. ವಿದೇಶಿ ನೆರವು ಹಂಚುತ್ತಿದ್ದ ಸರ್ಕಾರಿ ಸಂಸ್ಥೆ ಯುಎಸ್‌ಏಡ್‌ನ ಹಣದಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳು ಆಫ್ರಿಕಾ, ಏಷ್ಯಾದ ಕೃಷಿಗಾಗಿ ಇನೊವೇಶನ್ ಲ್ಯಾಬ್ ಎಂಬ ಸಂಶೋಧನಾ ಕೇಂದ್ರಗಳನ್ನು ನಡೆಸುತ್ತಿದ್ದವು. 2025ರಲ್ಲಿ ಯುಎಸ್‌ಏಡ್ ಅನ್ನೇ ಮುಚ್ಚಿದಾಗ ಈ ಲ್ಯಾಬ್‌ಗಳ ಹಣವೂ ನಿಂತಿತು. ಇಲಿನಾಯ್ ವಿಶ್ವವಿದ್ಯಾಲಯದ ಸೋಯಾಬೀನ್ ಲ್ಯಾಬ್‌ಗೂ ಅದೇ ಗತಿಯಾಯಿತು.

ಇದೇ ಯುಎಸ್‌ಏಡ್ ಹಣ 1960ರ ದಶಕದಲ್ಲಿ ಕರ್ನಾಟಕದಲ್ಲಿ ಮಾಡಿದ ಕೆಲಸ ಬೇರೆಯೇ ತರಹದ್ದು. ಆಗ ಅಮೆರಿಕದ ಆರು ವಿಶ್ವವಿದ್ಯಾಲಯಗಳು ಭಾರತದ ಒಂದೊಂದು ಭಾಗದಲ್ಲಿ ಕೃಷಿ ವಿಶ್ವವಿದ್ಯಾಲಯ ಕಟ್ಟಲು ಕೈಜೋಡಿಸಿದವು. ಪಂತ್‌ನಗರಕ್ಕೆ ಇಲಿನಾಯ್, ಲೂಧಿಯಾನಕ್ಕೆ ಒಹಾಯೊ ಸ್ಟೇಟ್. ಆಗಿನ ಮೈಸೂರು ರಾಜ್ಯದ ಪಾಲಿಗೆ ಬಂದದ್ದು ಟೆನ್ನೆಸ್ಸಿ ವಿಶ್ವವಿದ್ಯಾಲಯ. 1964ರಲ್ಲಿ ಹೆಬ್ಬಾಳದಲ್ಲಿ ಶುರುವಾದ ನಮ್ಮ ಕೃಷಿ ವಿಶ್ವವಿದ್ಯಾಲಯಕ್ಕೆ ಅಲ್ಲಿಂದ ಪ್ರಾಧ್ಯಾಪಕರು ಬಂದರು, ಇಲ್ಲಿಯವರು ಅಲ್ಲಿಗೆ ಓದಲು ಹೋದರು. ಪಾಠ, ಸಂಶೋಧನೆ, ರೈತರಿಗೆ ಅದನ್ನು ತಲುಪಿಸುವ ವಿಸ್ತರಣೆ, ಮೂರನ್ನೂ ಒಂದೇ ಸೂರಿನಡಿ ತರುವ ಪದ್ಧತಿ ಆಗ ಬಂದದ್ದು. ಆ ಹಣ ನಿಂತು ಎಷ್ಟೋ ಕಾಲವಾಯಿತು, ಆ ವಿಶ್ವವಿದ್ಯಾಲಯ ಇವತ್ತಿನ ಜಿಕೆವಿಕೆ ಆವರಣದಲ್ಲಿ ಉಳಿದಿದೆ. ಅದೇ ವಿಶ್ವವಿದ್ಯಾಲಯದ ಮಂಡ್ಯದ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಸೇರಿಸಿ ಇಂಡಾಫ್ ತಳಿಗಳನ್ನು ತಂದರಲ್ವಾ, ಅದು ಟೆನ್ನೆಸ್ಸಿಯವರ ಯೋಜನೆಯಲ್ಲಿ ಇದ್ದದ್ದಲ್ಲ. ರಾಗಿ ಮುಖ್ಯ ಅಂತ ಗೊತ್ತಿದ್ದದ್ದು ಇಲ್ಲಿಯವರಿಗೆ. ನಮ್ಮದೇ ಆದ ಸಂಸ್ಥೆಯೊಂದು ಗಟ್ಟಿಯಾಗಿ ನಿಂತರೆ, ಹಣ ಕೊಟ್ಟವರ ಪಟ್ಟಿಯಲ್ಲಿಲ್ಲದ ಕೆಲಸಗಳೂ ಅಲ್ಲಿ ಆಗುತ್ತವೆ.

ನಿಮ್ಮ ವಿಷಯ ಅಂತರ್ಜಲ ಅಲ್ವಾ, ಹಾಗಾದರೆ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಗೆ ಒಮ್ಮೆ ಹೋಗಿ ಬನ್ನಿ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಸರ್ಕಾರಿ ಸಂಶೋಧನಾ ಸಂಸ್ಥೆ ಐಆರ್‌ಡಿ ಸೇರಿ 2001ರಲ್ಲಿ ನೀರಿನ ಅಧ್ಯಯನಕ್ಕೆ ಒಂದು ಜಂಟಿ ಘಟಕ ಮಾಡಿಕೊಂಡವು. ಬಂಡೀಪುರ ಕಾಡಿನ ಮೂಲೆಹೊಳೆಯಲ್ಲೂ, ಬೇರಂಬಾಡಿಯ ಹೊಲಗಳಲ್ಲೂ ವರ್ಷಗಟ್ಟಲೆ ಅಳತೆ ನಡೆದಿದೆ. ಅಲ್ಲಿನ ಇನ್ನೂರಕ್ಕೂ ಹೆಚ್ಚು ಬೋರ್‌ವೆಲ್‌ಗಳನ್ನು ಪರೀಕ್ಷಿಸಿದಾಗ ಒಂದು ವಿಷಯ ಗೊತ್ತಾಯಿತು. ನೀರನ್ನು ಜಾಸ್ತಿ ಎತ್ತುವ ಕಡೆ, ಅದೇ ನೀರು ಹೊಲಕ್ಕೆ ಹರಿದು, ಗೊಬ್ಬರದ ಸಾರ ಹೊತ್ತು ಮತ್ತೆ ಕೆಳಗಿಳಿಯುತ್ತದೆ. ಮತ್ತೆ ಅದನ್ನೇ ಎತ್ತುತ್ತಾರೆ. ಹೀಗೆ ನೈಟ್ರೇಟ್ ಅಂಶ ಏರುತ್ತಾ ಹೋಗುತ್ತದೆ. ಕುಡಿಯಲು ಅದು ಅಪಾಯ. ಆದರೆ ಆ ನೀರಿನಲ್ಲೇ ಇಷ್ಟು ಸಾರಜನಕ ಇದ್ದರೆ ರೈತರು ಯೂರಿಯಾ ಕಡಿಮೆ ಹಾಕಬಹುದು ಅನ್ನೋದೂ ತಿಳಿಯಿತು. ಇಂಥ ಉತ್ತರ ಎರಡು-ಮೂರು ವರ್ಷದ ಯೋಜನೆಯಲ್ಲಿ ಸಿಗುವುದು ಕಷ್ಟ. ಒಂದು ಒಳ್ಳೆಯ ಮಳೆ, ಒಂದು ಬರ, ಎರಡನ್ನೂ ನೋಡಬೇಕು. ಈ ಕೆಲಸಕ್ಕೆ ನೆರವಾದ ಸೆಫಿಪ್ರಾ ಎಂಬ ಸಂಸ್ಥೆ 1987ರಿಂದ ಇದೆ. ಅದಕ್ಕೆ ಭಾರತ ಮತ್ತು ಫ್ರಾನ್ಸ್ ಎರಡೂ ಸರ್ಕಾರಗಳು ಸಮಪಾಲು ಹಣ ಹಾಕುತ್ತವೆ. ನಮ್ಮ ಹಣವೂ ಇರುವ ಕಡೆ ನಮ್ಮ ಮಾತಿಗೆ ತೂಕ ಇರುತ್ತದೆ. ವಿದೇಶಿ ವಿಶ್ವವಿದ್ಯಾಲಯಗಳ ಜೊತೆಗಿನ ಜಂಟಿ ಸಂಶೋಧನೆಗೆ ಹಣ ಕೊಡಲು ಭಾರತ ಸರ್ಕಾರವೇ 2018ರಲ್ಲಿ ಶುರು ಮಾಡಿದ ಸ್ಪಾರ್ಕ್ ಯೋಜನೆಯನ್ನೂ ನೋಡಿ.

ಪ್ರಶ್ನೆ ಯಾರು ಬರೆಯುತ್ತಾರೆ ಅನ್ನೋದಕ್ಕೆ ಬರುತ್ತೇನೆ. ನಾನು ಲೆಕ್ಕ ನೋಡುತ್ತಿದ್ದ ಒಂದು ಯೋಜನೆಯಲ್ಲಿ ಸಮೀಕ್ಷೆಯ ಪ್ರಶ್ನಾವಳಿ ಹೊರದೇಶದಿಂದ ಪೂರ್ತಿ ತಯಾರಾಗಿಯೇ ಬಂತು. ಮನೆಗೆ ನೀರು ಎಲ್ಲಿಂದ ಬರುತ್ತದೆ ಅನ್ನೋದಕ್ಕೆ ಒಂದೇ ಉತ್ತರ ಆರಿಸಬೇಕಿತ್ತು. ನಮ್ಮ ಹಳ್ಳಿಗಳಲ್ಲಿ ಕುಡಿಯಲು ಆರ್‌ಒ ಘಟಕದ ನೀರು, ಬಳಸಲು ನಲ್ಲಿ ನೀರು, ದನಕ್ಕೆ ತೋಟದ ಬೋರ್‌ವೆಲ್ ನೀರು. ಸಮೀಕ್ಷೆಗೆ ಹೋದ ಹುಡುಗಿಯರು ಮೊದಲ ದಿನವೇ ಇದನ್ನು ಹೇಳಿದರು. ಬದಲಾಯಿಸಲು ಅಲ್ಲಿಂದ ಒಪ್ಪಿಗೆ ಬರಲಿಲ್ಲ. ಅರ್ಜಿ ಬರೆಯುವಾಗಲೇ ಇಲ್ಲಿಯವರು ಕೂತಿದ್ದರೆ ಹೀಗಾಗುತ್ತಿರಲಿಲ್ಲ. ಆದ್ದರಿಂದ ಅರ್ಜಿಯ ಕರಡು ಹಂತದಲ್ಲೇ ನಿಮ್ಮನ್ನು ಸೇರಿಸಿಕೊಳ್ಳಲು ಕೇಳಿ. ಬಜೆಟ್ಟಿನ ಪೂರ್ತಿ ಪುಟ ಕೇಳಿ, ನಿಮ್ಮ ಪಾಲಿನದ್ದು ಮಾತ್ರ ಅಲ್ಲ.

ಇನ್ನು ಕಾನೂನಿನ ವಿಷಯ. ನಿಮ್ಮದು ಶಾಸನದ ಮೂಲಕ ಸ್ಥಾಪನೆಯಾದ, ಸಿಎಜಿ (ಮಹಾಲೇಖಪಾಲರು) ಲೆಕ್ಕಪರಿಶೋಧನೆ ಕಡ್ಡಾಯವಾಗಿರುವ ವಿಶ್ವವಿದ್ಯಾಲಯವಾದರೆ, ವಿದೇಶಿ ದೇಣಿಗೆ ನಿಯಂತ್ರಿಸುವ ಎಫ್‌ಸಿಆರ್‌ಎ ಕಾನೂನಿನಿಂದ ವಿನಾಯಿತಿ ಇದೆ. ಟ್ರಸ್ಟ್ ನಡೆಸುವ ಕಾಲೇಜಾದರೆ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಅನುದಾನ ಎಸ್‌ಬಿಐನ ದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿ ಆದ ಮೇಲೆ, ಹಾಗೆ ಬಂದ ವಿದೇಶಿ ಅನುದಾನವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಹಳ್ಳಿಯಲ್ಲಿ ಕೆಲಸ ಮಾಡುವ ಎನ್‌ಜಿಒ ನಿಮ್ಮ ಜೊತೆಗಿದ್ದರೆ ಇದನ್ನು ಮೊದಲೇ ಯೋಚಿಸಿ. ಬೀಜ, ಸೂಕ್ಷ್ಮಜೀವಿಗಳ ಮಾದರಿ ಹೊರಗೆ ಕಳಿಸುವುದಿದ್ದರೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ಓದಿಕೊಳ್ಳಿ.

ಕೊನೆಗೆ, ಒಪ್ಪಂದದಲ್ಲಿ ಎರಡು ಕಲಂ ಬರೆಸದೆ ಸಹಿ ಹಾಕಬೇಡಿ. ಅವರ ಸರ್ಕಾರ ನಡುವೆ ಹಣ ನಿಲ್ಲಿಸಿದರೆ ಇಲ್ಲಿನ ಕ್ಷೇತ್ರ ಸಿಬ್ಬಂದಿಗೆ ಕನಿಷ್ಠ ಮೂರು ತಿಂಗಳ ಸಂಬಳ ಕೊಡಬೇಕು ಅನ್ನೋದು ಒಂದು. ಅಳತೆಯ ಉಪಕರಣಗಳು ಮತ್ತು ಪೂರ್ತಿ ದತ್ತಾಂಶದ ಪ್ರತಿ ನಿಮ್ಮ ವಿಭಾಗದಲ್ಲೇ ಉಳಿಯಬೇಕು ಅನ್ನೋದು ಇನ್ನೊಂದು. ಎರಡನೆಯದಕ್ಕೆ ಅವರು ಸುಲಭವಾಗಿ ಒಪ್ಪುತ್ತಾರೆ. ಮೊದಲನೆಯದಕ್ಕೆ ಸ್ವಲ್ಪ ಹಟ ಹಿಡಿಯಬೇಕಾಗುತ್ತದೆ, ಹಿಡಿಯಿರಿ.