ನಾಗಸಾಕಿಯಲ್ಲಿ ಸತ್ತವರು ದೇವರಿಗೆ ಬಲಿಯಾದರೇ?

ಪ್ರಶ್ನೆ: ಯೇಸು ಸತ್ತದ್ದು ದೇವರ ಸಂಕಲ್ಪದಂತೆ ಎಂದು ಕ್ರೈಸ್ತರು ನಂಬುತ್ತಾರೆ. ಅಲ್ಲಿಯವರೆಗೆ ಸರಿ. ಆದರೆ ಅಣುಬಾಂಬಿಗೆ ಸುಟ್ಟುಹೋದ ನಾಗಸಾಕಿಯ ಕ್ರೈಸ್ತರನ್ನೂ ಅಲ್ಲಿನ ಡಾಕ್ಟರೊಬ್ಬರು ದೇವರು ಆರಿಸಿಕೊಂಡ ಬಲಿ ಎಂದು ಕರೆದರಂತೆ. ಓದಿ ಸಿಟ್ಟು ಬಂತು. ಕೊಂದವರು ಮನುಷ್ಯರು, ಹೆಸರು ಮಾತ್ರ ದೇವರದ್ದಾ? ಇದನ್ನೇ ಚರ್ಚ್ ಕಲಿಸುತ್ತದೆಯೇ?

ಉತ್ತರ: ಇಲ್ಲ, ಅದು ಚರ್ಚಿನ ಬೋಧನೆಯಲ್ಲ. ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಆ ಮಾತನ್ನು ಯಾರು, ಯಾರ ಮುಂದೆ ಆಡಿದರು ಅನ್ನೋದು ಗೊತ್ತಿಲ್ಲದೆ ತೀರ್ಪು ಕೊಟ್ಟರೆ ಆ ಡಾಕ್ಟರಿಗೆ ಅನ್ಯಾಯ ಮಾಡಿದಂತೆ.

ಅವರು ತಕಾಶಿ ನಾಗಾಯಿ, ಎಕ್ಸ್-ರೇ ತಜ್ಞ. ಬಾಂಬ್ ಬೀಳುವ ಮೊದಲೇ ಅವರಿಗೆ ರಕ್ತದ ಕ್ಯಾನ್ಸರ್ ಇತ್ತು. 1945ರ ಆಗಸ್ಟ್ 9ರಂದು ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಬಾಂಬ್ ಸಿಡಿದದ್ದು ಉರಕಾಮಿ ಎಂಬ ಭಾಗದ ಮೇಲೆ. ಅಲ್ಲಿನ ದೊಡ್ಡ ಚರ್ಚ್ ಅರ್ಧ ಕಿಲೋಮೀಟರ್ ದೂರದಲ್ಲಿತ್ತು. ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬ ಹತ್ತಿರ ಬಂದಿದ್ದರಿಂದ ಒಳಗೆ ಜನ ಪಾದ್ರಿಯ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆ ಮಾಡುತ್ತಿದ್ದರು. ಒಳಗಿದ್ದವರಲ್ಲಿ ಯಾರೂ ಉಳಿಯಲಿಲ್ಲ. ಉರಕಾಮಿಯಲ್ಲಿದ್ದ ಸುಮಾರು 12,000 ಕ್ಯಾಥೊಲಿಕರಲ್ಲಿ 8,500ರಷ್ಟು ಮಂದಿ ಸತ್ತರು. ನಾಗಾಯಿಯವರ ಹೆಂಡತಿ ಮಿದೊರಿ ಮನೆಯಲ್ಲೇ ಸುಟ್ಟುಹೋದರು. ಬೂದಿಯಲ್ಲಿ ಸಿಕ್ಕಿದ್ದು ಮೂಳೆಗಳು ಮತ್ತು ಕರಗಿದ ಜಪಮಾಲೆ. ಅದನ್ನು ಹೆಕ್ಕಿದವರು ಇವರೇ.

ಆಮೇಲೆ ಊರಲ್ಲಿ ಒಂದು ಮಾತು ಹರಡಿತು. ಪರದೇಶದ ದೇವರನ್ನು ನಂಬಿದ್ದಕ್ಕೆ ಉರಕಾಮಿಗೆ ಬಿದ್ದ ದೈವಶಿಕ್ಷೆ ಇದು ಅಂತ. ಕ್ರೈಸ್ತಧರ್ಮಕ್ಕೆ ನಿಷೇಧವಿದ್ದಾಗ ಇನ್ನೂರು ವರ್ಷಕ್ಕೂ ಜಾಸ್ತಿ ಕದ್ದುಮುಚ್ಚಿ ನಂಬಿಕೆ ಉಳಿಸಿಕೊಂಡ ಜನರ ವಂಶ ಅದು. ಯುದ್ಧದಿಂದ ವಾಪಸ್ ಬಂದ ಒಬ್ಬ ಸೈನಿಕ, ಹೆಂಡತಿ ಮತ್ತು ಐವರು ಮಕ್ಕಳನ್ನು ಕಳೆದುಕೊಂಡಿದ್ದವನು, ನಾಗಾಯಿಯವರ ಬಳಿ ಬಂದು ಕೇಳಿದ್ದೂ ಇದನ್ನೇ: ನನ್ನ ಮಕ್ಕಳು ಅಷ್ಟು ಕೆಟ್ಟವರಾ? ನವೆಂಬರ್ 23ರಂದು ಚರ್ಚಿನ ಅವಶೇಷಗಳ ಪಕ್ಕ ಸತ್ತವರಿಗಾಗಿ ಬಲಿಪೂಜೆ (ಮಾಸ್) ನಡೆದಾಗ ನಾಗಾಯಿ ಎದ್ದುನಿಂತು ಅದಕ್ಕೆ ಉತ್ತರ ಕೊಟ್ಟರು. ಇವರು ಶಿಕ್ಷೆ ಉಂಡವರಲ್ಲ, ಯುದ್ಧದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಅರ್ಪಿತವಾದ ಕಳಂಕವಿಲ್ಲದ ಕುರಿಮರಿ, ಸರ್ವಾಂಗಹೋಮ, ಅಂದರೆ ಪೂರ್ತಿ ಸುಟ್ಟು ಅರ್ಪಿಸುವ ಬಲಿ ಎಂದರು. ವಿಮಾನದ ಮೊದಲ ಗುರಿ ಕೊಕುರಾ ನಗರ ಆಗಿತ್ತು, ಅಲ್ಲಿ ಏನೂ ಕಾಣದೆ ಇತ್ತ ತಿರುಗಿತು. ನಾಗಾಯಿಯವರಿಗೆ ಅದರಲ್ಲೂ ದೇವರ ಕೈ ಕಂಡಿತು.

ಸೂತಕದ ಮನೆಯವನೇ ಸೂತಕದವರಿಗೆ ಹೇಳಿದ ಮಾತು ಇದು. ಅಲ್ಲಿ ಅದು ಸಮಾಧಾನ. ಅದನ್ನೇ ಎತ್ತಿಕೊಂಡು ಹೋಗಿ ಬಾಂಬ್ ಏಕೆ ಬಿತ್ತು ಎಂಬುದಕ್ಕೆ ವಿವರಣೆ ಮಾಡಿದರೆ ಕೆಡುತ್ತದೆ. ಕವಿ ಯಾಮಾದಾ ಕಾನ್ ಮುಂತಾದವರು ಮುಂದೆ ಆಕ್ಷೇಪ ಎತ್ತಿದ್ದೂ ಇಲ್ಲೇ. ಸಾವು ದೇವರ ಲೆಕ್ಕಕ್ಕೆ ಹೋದರೆ ಯುದ್ಧ ಹೂಡಿದವರೂ ಬಚಾವ್, ಬಾಂಬ್ ಹಾಕಿದವರೂ ಬಚಾವ್, ಅಲ್ವಾ? ಪೋಪ್ ಎರಡನೇ ಜಾನ್ ಪಾಲ್ 1981ರ ಫೆಬ್ರುವರಿಯಲ್ಲಿ ಹಿರೋಶಿಮಾಕ್ಕೆ ಬಂದಾಗ ಮಾತು ಶುರುಮಾಡಿದ್ದೇ ಹೀಗೆ: ಯುದ್ಧ ಮನುಷ್ಯನ ಕೆಲಸ. ಮರುದಿನ ಅವರು ನಾಗಸಾಕಿಯಲ್ಲಿದ್ದರು. ಇಷ್ಟು ವರ್ಷ ಬಾಯಿ ಬಿಡದಿದ್ದ ಎಷ್ಟೋ ಕ್ಯಾಥೊಲಿಕ್ ಸಂತ್ರಸ್ತರು ಆಮೇಲೆ ಮಾತಾಡತೊಡಗಿದರು.

ಈಗ ಶಿಲುಬೆಯ ವಿಷಯ. ಬೈಬಲ್ಲಿನ ಯೊವಾನ್ನನ ಸುವಾರ್ತೆಯಲ್ಲಿ ಯೇಸು, ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎನ್ನುತ್ತಾನೆ. ಬಲಿ ಬಲಿಯಾಗುವುದು ಈ ಒಪ್ಪಿಗೆಯಿಂದ. ಆ ಒಪ್ಪಿಗೆಯೂ ಸುಲಭವಾಗಿ ಬಂದದ್ದಲ್ಲ, ಸೆರೆಯಾಗುವ ಮುನ್ನ ಗೆತ್ಸೆಮನೆ ತೋಟದಲ್ಲಿ ಪ್ರಾರ್ಥಿಸುತ್ತ ಬೆವರಿಳಿಸಿ ಬಂದದ್ದು. ಕೊಂದವರ ತಪ್ಪೂ ಹಾಗೇ ಉಳಿಯುತ್ತದೆ. ಯೇಸುವಿನ ಶಿಷ್ಯ ಪೇತ್ರ ತನ್ನ ಮೊದಲ ಭಾಷಣದಲ್ಲೇ ಎರಡನ್ನೂ ಒಟ್ಟಿಗೆ ಹೇಳಿದ: ಆತ ದೇವರ ಸಂಕಲ್ಪದಂತೆ ಒಪ್ಪಿಸಲ್ಪಟ್ಟ, ಆದರೆ ಕೊಂದವರು ನೀವು. ದೇವರು ಕೇಡಿನಿಂದಲೂ ಒಳಿತು ತರಬಲ್ಲ ಎಂಬುದು ನಂಬಿಕೆ. ಕೇಡನ್ನು ದೇವರು ಬಯಸಿದ ಎಂಬುದಲ್ಲ. ಜೆರುಸಲೇಮಿನ ಸಿಲೋವದ ಗೋಪುರ ಬಿದ್ದು 18 ಜನ ಸತ್ತಾಗ, ಅವರೇನು ಬೇರೆಯವರಿಗಿಂತ ಹೆಚ್ಚು ಪಾಪಿಗಳೇ ಎಂದು ಕೇಳಿ, ಅಲ್ಲ ಎಂದವನು ಯೇಸುವೇ. ಯಾಕೆ ಬಿತ್ತು ಅಂತ ಆತ ಹೇಳಲೇ ಇಲ್ಲ.

ಒಪ್ಪಿ ಕೊಟ್ಟ ಸಾವು ಹೇಗಿರುತ್ತದೆ ನೋಡಬೇಕಾದರೆ ಮ್ಯಾಕ್ಸಿಮಿಲಿಯನ್ ಕೋಲ್ಬೆ ಇದ್ದಾರೆ. ಪೋಲೆಂಡಿನ ಪಾದ್ರಿ. 1930ರಲ್ಲಿ ನಾಗಸಾಕಿಗೆ ಹೋಗಿ ಆರು ವರ್ಷ ಅಲ್ಲಿದ್ದವರು. 1941ರ ಜುಲೈ ಕೊನೆಯಲ್ಲಿ ನಾಜಿಗಳ ಆಶ್ವಿಟ್ಜ್ ಶಿಬಿರದಿಂದ ಒಬ್ಬ ಕೈದಿ ನಾಪತ್ತೆಯಾದ. ಅದಕ್ಕೆ ಹತ್ತು ಮಂದಿಯನ್ನು ಉಪವಾಸ ಕೆಡವಿ ಕೊಲ್ಲಲು ಆರಿಸಿದರು. ಅವರಲ್ಲಿ ಫ್ರಾನ್ಸಿಶೆಕ್ ಗಾಯೋವ್ನಿಚೆಕ್ ಎಂಬಾತ ಹೆಂಡತಿ ಮಕ್ಕಳನ್ನು ನೆನೆದು ಅತ್ತ. ಅಲ್ಲೇ ಕೈದಿಯಾಗಿದ್ದ ಕೋಲ್ಬೆ ಸಾಲಿನಿಂದ ಮುಂದೆ ಬಂದು, ಇವನ ಬದಲು ನಾನು ಎಂದರು. ಎರಡು ವಾರ ಕಳೆದರೂ ಜೀವ ಹೋಗದಿದ್ದಾಗ ಆಗಸ್ಟ್ 14ರಂದು ಕಾರ್ಬಾಲಿಕ್ ಆಸಿಡ್ ಚುಚ್ಚಿ ಕೊಂದರು.

ಪ್ರವಚನಗಳಲ್ಲಿ ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದೂ ಇದೆ. ಗಾಯೋವ್ನಿಚೆಕ್ ಬದುಕಿ ಉಳಿದು ಹೆಂಡತಿಯನ್ನು ಸೇರಿದ. ಇಬ್ಬರು ಗಂಡುಮಕ್ಕಳು ಮಾತ್ರ 1945ರಲ್ಲಿ ಪೋಲೆಂಡಿನಲ್ಲೇ ನಡೆದ ಬಾಂಬ್ ದಾಳಿಗೆ ಸತ್ತುಹೋಗಿದ್ದರು. ಇನ್ನೊಂದು: ನಾಗಸಾಕಿಯಲ್ಲಿ ಕೋಲ್ಬೆ ಕಟ್ಟಿಸಿದ ಮಠ ಬೆಟ್ಟದ ಆಚೆ ಮಗ್ಗುಲಲ್ಲಿದ್ದು ಉಳಿಯಿತು. ದೇವರೇ ಕಾಪಾಡಿದ ಅನ್ನುತ್ತಾರೆ. ಮಠದವರು ಹಾಗೆಂದು ಕೃತಜ್ಞತೆ ಹೇಳಿದರೆ ಸರಿ. ಆದರೆ ಬೆಟ್ಟದ ಈಚೆ ಪಾಪನಿವೇದನೆಗೆ ನಿಂತಿದ್ದವರ ವಿಷಯ ಕೇಳಿದರೆ ಏನು ಹೇಳುತ್ತೀರಿ? ದೇವರ ಕೃಪೆಯನ್ನು ಹೀಗೆ ಲಾಭ-ನಷ್ಟದಲ್ಲಿ ಬರೆಯಲು ಹೋದರೆ ಪುಟ ತಾಳೆಯಾಗುವುದಿಲ್ಲ. ಬೈಬಲ್ಲಿನ ಯೋಬನ ಪುಸ್ತಕದ ಕೊನೆಯ ಅಧ್ಯಾಯ ಒಮ್ಮೆ ಓದಿ. ಕಷ್ಟಕ್ಕೆ ಸಿಕ್ಕ ಯೋಬನೆದುರು ದೇವರ ಪರ ವಕಾಲತ್ತು ವಹಿಸಿದ ಗೆಳೆಯರ ಮೇಲೆಯೇ ದೇವರು ಸಿಟ್ಟಾಗುತ್ತಾನೆ.

ಪ್ರಶ್ನೆ: ಎಲ್ಲಾ ಮೊದಲೇ ಬರೆದಿಟ್ಟದ್ದಾದರೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ತಪ್ಪೇನು?

ಉತ್ತರ: ಕೊನೆಯ ಭೋಜನದಲ್ಲಿ ಯೇಸು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಬರೆದಿರುವಂತೆ ನಾನು ಹೋಗುತ್ತೇನೆ, ಆದರೆ ಹಿಡಿದುಕೊಡುವವನ ಗತಿಯನ್ನು ಏನೆನ್ನಲಿ ಅಂತ. ದೇವರಿಗೆ ಮೊದಲೇ ಗೊತ್ತಿತ್ತು ಎಂದಮಾತ್ರಕ್ಕೆ ದೇವರೇ ಮಾಡಿಸಿದ ಎಂದಾಗದು. ಪೇತ್ರ ಮೂರು ಸಲ ಯೇಸು ಯಾರೋ ಗೊತ್ತಿಲ್ಲ ಎಂದದ್ದೂ ಮುಂಚೆಯೇ ತಿಳಿಸಿದ ಮಾತೇ. ಅವನೂ ತಪ್ಪು ಮಾಡಿದ, ಅತ್ತ, ವಾಪಸ್ ಬಂದ. ಯೂದ ಹಿಡಿದುಕೊಟ್ಟದ್ದಕ್ಕೆ ಸಿಕ್ಕ ಬೆಳ್ಳಿ ನಾಣ್ಯ ಬಿಸಾಡಿ ಹೋಗಿ ಉರುಳು ಹಾಕಿಕೊಂಡ. ಅವನು ನರಕದಲ್ಲಿದ್ದಾನೆ ಎಂದು ಕ್ಯಾಥೊಲಿಕ್ ಚರ್ಚ್ ಅಧಿಕೃತವಾಗಿ ಇವತ್ತಿನವರೆಗೂ ಘೋಷಿಸಿಲ್ಲ.